ಎರಡು ಸುತ್ತಿನ ಅಕ್ಕಿ

ಕೊರಟಗೆರೆಯ ರುದ್ರಯ್ಯನವರ ಮನೆಗೆ ಸೊಸೆಯಾಗಿ ಬಂದಾಗ ಸರ್ವಮಂಗಳಾಗೆ ಹದಿನೇಳು ವರ್ಷ. ತವರು ಶಿರಾ. ಐದು ವರ್ಷದವಳಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಕಡಲೆಕಾಯಿ ವ್ಯಾಪಾರ ಮಾಡುವ ತಂದೆ, ಮದುವೆಯಾಗದ ಇಬ್ಬರು ಚಿಕ್ಕಪ್ಪಂದಿರು, ಇಷ್ಟೇ ಮಂದಿಯ ನಡುವೆ ಬೆಳೆದವಳು. ಹೆಂಗಸರು ಮಾತಾಡಿಕೊಂಡು ಒಟ್ಟಿಗೆ ಕೆಲಸ ಮಾಡುವುದನ್ನು ಅವಳು ಹತ್ತಿರದಿಂದ ಕಂಡಿದ್ದು ಅತ್ತೆ ಮನೆಯ ಹಿತ್ತಲಲ್ಲೇ.

ಆ ಹಿತ್ತಲಿಗೆ ವಾರಕ್ಕೆ ಎರಡು ದಿನ ಮೂವರು ಹೆಂಗಸರು ಭತ್ತ ಕುಟ್ಟಲು ಬರುತ್ತಿದ್ದರು. ಅವರಲ್ಲಿ ಹಿರಿಯಳು ಜುಂಜಮ್ಮ, ಊರಾಚೆಯ ಕುರುಬರಹಟ್ಟಿಯವಳು. ಗಂಡ ಯತ್ತಪ್ಪ ವರ್ಷಕ್ಕೆ ಏಳೆಂಟು ತಿಂಗಳು ಕುರಿ ಹೊಡೆದುಕೊಂಡು ಪಾವಗಡದ ಕಡೆ ಹೋಗಿಬಿಡುತ್ತಿದ್ದ. ಮಕ್ಕಳಿರಲಿಲ್ಲ. ಇನ್ನಿಬ್ಬರು ಗಿರಿಯಮ್ಮ ಮತ್ತು ಅವಳ ನಾದಿನಿ.

ಸರ್ವಮಂಗಳಾ ಮೊದಲ ಕೆಲವು ದಿನ ಹಿತ್ತಲ ಬಾಗಿಲಿಗೆ ಒರಗಿ ನೋಡುತ್ತಾ ನಿಂತಿರುತ್ತಿದ್ದಳು. ಮೂರು ಒನಕೆಗಳು ಒಂದೇ ಒರಳಿಗೆ ಒಂದರ ಹಿಂದೊಂದು ಬೀಳುತ್ತಿದ್ದವು, ಒಂದಕ್ಕೊಂದು ತಾಗುತ್ತಿರಲಿಲ್ಲ.

"ಬಾ ಚಿಕ್ಕವ್ವ, ಸುಮ್ನೆ ನಿಂತು ಕಾಲು ನೋಯಿಸ್ಕಬ್ಯಾಡ. ಈ ಮೊರ ಹಿಡಿ," ಎಂದು ಒಂದು ದಿನ ಜುಂಜಮ್ಮನೇ ಕರೆದಳು.

ಕೇರುವುದನ್ನು ಕಲಿಸಿದಳು. ಮೊದಲ ಕುಟ್ಟಿಗೆ ಬರುವ ಒರಟು ಹೊಟ್ಟು ಬೇರೆ, ಎರಡನೆಯದಕ್ಕೆ ಬರುವ ಹಿಟ್ಟಿನಂಥ ತೌಡು ಬೇರೆ ಎಂದು ಅಂಗೈ ಮೇಲೆ ಹಾಕಿ ತೋರಿಸಿದಳು. ಅತ್ತೆ ಶಿವರುದ್ರಮ್ಮ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಸರ್ವಮಂಗಳಾ ಒನಕೆಗೂ ಕೈ ಹಾಕಿದಳು. ನಾಲ್ಕೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದವು. ಜುಂಜಮ್ಮ ಹರಳೆಣ್ಣೆ ಸವರಿ, ಆ ಕೈಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಊದುತ್ತಾ ಕೂತಳು. ಸರ್ವಮಂಗಳಾಗೆ ನೋವು ಹೋಗಿತ್ತು. ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸಾವಿರದ ಒಂಬೈನೂರ ಇಪ್ಪತ್ತೇಳರ ಸಂಕ್ರಾಂತಿ ಕಳೆದ ಮೇಲೆ ತುಮಕೂರಿನಿಂದ ನಾಲ್ಕು ಗಾಡಿಗಳಲ್ಲಿ ಅಕ್ಕಿ ಗಿರಣಿಯ ಸಾಮಾನು ಬಂತು. ಎಣ್ಣೆ ಎಂಜಿನ್ನು, ಪಟ್ಟಿ, ಭತ್ತ ಸುಲಿಯುವ ಯಂತ್ರ. ಅದೆಲ್ಲ ರುದ್ರಯ್ಯನವರ ಮಗ, ಸರ್ವಮಂಗಳಾಳ ಗಂಡ ನಾಗಲಿಂಗಯ್ಯನ ಹಟ. ತುಮಕೂರಲ್ಲಿ ನಾಲ್ಕು ವರ್ಷ ಓದಿದವನು. ಯಂತ್ರ ಅಂದರೆ ಊಟ ಬಿಡುವಷ್ಟು ಮೋಹ. ಮನೆಯ ಪಕ್ಕದ ಕಣದಲ್ಲಿ ಶೆಡ್ಡು ಎದ್ದಿತು. ಎಂಜಿನ್ನು ಶುರುವಾದ ದಿನ ಜಯಮಂಗಲಿ ಹೊಳೆಯಾಚೆಯ ಹಳ್ಳಿಗಳಿಂದಲೂ ಜನ ಬಂದು ನೋಡಿದರು.

"ಮೂರು ಜನ ದಿನಪೂರ್ತಿ ಕುಟ್ಟೋದು ಇದಕ್ಕೆ ಕಾಲು ಗಂಟೆ ಕೆಲಸ," ಎಂದು ನಾಗಲಿಂಗಯ್ಯ ಹೆಂಡತಿಗೆ ಹೇಳಿದ. ಅವನ ಮುಖ ಹಬ್ಬದ ದಿನದ ಹಾಗಿತ್ತು.

"ಹಾಗಾದ್ರೆ ಜುಂಜಮ್ಮನೋರು?"

"ಬೇರೆ ಕೆಲಸ ಸಿಗುತ್ತೆ. ಮುಂಜಾನೆಯಿಂದ ಸಂಜೆವರೆಗೂ ಬೆನ್ನು ಮುರ್ಕೊಳೋದಾದ್ರೂ ತಪ್ಪುತ್ತಲ್ಲ."

ಅವನು ಅದನ್ನು ನಿಜವಾಗಿಯೂ ನಂಬಿದ್ದ. ರುದ್ರಯ್ಯನವರು ಮೂವರಿಗೂ ಒಂದೊಂದು ಸೀರೆ, ಕುಪ್ಪಸದ ಬಟ್ಟೆ ಕೊಟ್ಟು ಕಳಿಸಿದರು. ಹೋಗುವ ಮುಂಚೆ ಜುಂಜಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳು.

"ನಂಗೇನ್ ಬುಡವ್ವ, ಕುರಿ ಹಿಂದೆ ಹೊಂಟೋಯ್ತೀನಿ. ನನ್ ಗಂಡನೂ ಒಬ್ನೇ ಮುದ್ದೆ ಬೇಯ್ಸ್ಕಂಡು ತಿಂತಾನೆ. ಗಿರಿಯಮ್ಮುಂಗೆ ಕುರಿನೂ ಇಲ್ಲ, ಹೊಲನೂ ಇಲ್ಲ."

ಗಿರಿಯಮ್ಮ ಆ ಬೇಸಿಗೆಯಲ್ಲೇ ಮಕ್ಕಳನ್ನೂ ನಾದಿನಿಯನ್ನೂ ಕಟ್ಟಿಕೊಂಡು ಕೋಲಾರದ ಚಿನ್ನದ ಗಣಿಗೆ ಹೋದಳು.

ಗಿರಣಿಯ ಅಕ್ಕಿ ಊರಿಗೆಲ್ಲ ಹಿಡಿಸಿತು. ಒಂದು ಸಲ ಯಂತ್ರಕ್ಕೆ ಹಾಕಿದರೆ ಸಿಪ್ಪೆ ಹೋಗಿ ಸ್ವಲ್ಪ ಕೆಂಪು ಉಳಿಯುತ್ತಿತ್ತು. ಎರಡನೆಯ ಸುತ್ತಿಗೆ ಅದೂ ಹೋಗಿ ಬಿಳಿ ಹೊಳಪು ಬರುತ್ತಿತ್ತು. ಯಜಮಾನರ ಮನೆಗೆ ಎರಡು ಸುತ್ತಿನದೇ. ಬಂದ ನೆಂಟರ ಅಂಗೈಗೆ ರುದ್ರಯ್ಯನವರು ಒಂದು ಹಿಡಿ ಸುರಿದು, ಅವರ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಆ ಮನೆಯಲ್ಲಿ ಬೆಳಗಿನ ರಾಗಿ ಅಂಬಲಿಯೂ ನಿಂತಿತು.

ಮರುವರ್ಷ ಸರ್ವಮಂಗಳಾಗೆ ಗಂಡುಮಗುವಾಯಿತು. ತವರಲ್ಲಿ ನೋಡಿಕೊಳ್ಳುವ ಹೆಂಗಸರಿಲ್ಲದ ಕಾರಣ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಶಿವರುದ್ರಮ್ಮ ಬಾಣಂತನಕ್ಕೆ ಏನೂ ಕಡಿಮೆ ಮಾಡಲಿಲ್ಲ. ಹೊತ್ತು ಹೊತ್ತಿಗೆ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು. ಬೇಳೆ ವಾಯು, ಸೊಪ್ಪು ಶೀತ, ಹುರುಳಿ ಉಷ್ಣ ಎಂದು ಅವನ್ನೆಲ್ಲ ದೂರವಿಟ್ಟರು. ಮಗುವಿಗೆ ಲಿಂಗ ಕಟ್ಟಿದ್ದಾಯಿತು. ಕೆನ್ನೆ ತುಂಬಿ, ಕೈಕಾಲು ಉಂಡುಂಡೆಯಾಗಿ, ನೋಡಿದವರೆಲ್ಲ ದೃಷ್ಟಿ ತೆಗೆಯಿರಿ ಅನ್ನುವ ಹಾಗಿತ್ತು. ಸರ್ವಮಂಗಳಾಳ ಪಾದ ಊದಿದ್ದವು, ಮೀನಖಂಡದಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಬಾಣಂತಿಯರಿಗೆ ಅದೆಲ್ಲ ಇದ್ದದ್ದೇ ಎಂದರು.

ಮೂರನೆಯ ತಿಂಗಳಲ್ಲಿ ಮಗುವಿನ ಗಂಟಲು ಕಟ್ಟಿದಂತಾಯಿತು. ಎರಡು ದಿನ ಗೊಗ್ಗರು ದನಿ. ಆಮೇಲೆ ಬಾಯಿ ಅಗಲವಾಗಿ ತೆರೆಯುತ್ತಿತ್ತು, ಮುಖ ಕೆಂಪಾಗುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಅಳು ಮಾತ್ರ ಕೇಳಿಸುತ್ತಿರಲಿಲ್ಲ. ಒಂದು ಬೆಳಗ್ಗೆ ಹಾಲು ಕುಡಿಯುತ್ತಿದ್ದುದು ನಡುವೆಯೇ ಬಿಟ್ಟು ಮೈ ನೀಲಿಯಾಯಿತು. ಮಧ್ಯಾಹ್ನದೊಳಗೆ ಮುಗಿದುಹೋಯಿತು.

ಬಾಲಗ್ರಹ ಎಂದರು, ಯಾರದೋ ಕಣ್ಣು ಎಂದರು. ನಾಗಲಿಂಗಯ್ಯ ಒಂಬತ್ತು ದಿನ ಗಿರಣಿಯ ಕಡೆ ಹೋಗಲಿಲ್ಲ. ಸರ್ವಮಂಗಳಾಳ ಎದೆ ಮಾತ್ರ ಹೊತ್ತಿಗೆ ಸರಿಯಾಗಿ ತುಂಬುತ್ತಿತ್ತು. ಗೋಡೆಗೆ ಮುಖ ಮಾಡಿ ಹಿಂಡಿ ಚೆಲ್ಲುವಾಗ ಶಿವರುದ್ರಮ್ಮ ಬಾಗಿಲಲ್ಲಿ ಯಾರೂ ಬರದ ಹಾಗೆ ಕೂತಿರುತ್ತಿದ್ದರು.

ಮೂರು ವರ್ಷದ ಮೇಲೆ ಹೆಣ್ಣುಮಗು ಹುಟ್ಟಿತು. ಈ ಸಲ ಶಿವರುದ್ರಮ್ಮ ಪಥ್ಯವನ್ನು ಇನ್ನಷ್ಟು ಬಿಗಿ ಮಾಡಿದರು. ಸರ್ವಮಂಗಳಾ ಎದುರಾಡದೆ ಕೊಟ್ಟಿದ್ದನ್ನು ತಿಂದಳು. ಮಗು ಅತ್ತರೆ ಸಾಕು, ದನಿ ನೆಟ್ಟಗಿದೆಯೇ ಎಂದು ಕಿವಿಗೊಡುತ್ತಿದ್ದಳು. ರಾಗಿ ಕೊಯ್ಲಿನ ಹೊತ್ತಿಗೆ ಮಗುವಿಗೆ ಎರಡೂವರೆ ತಿಂಗಳಾಗಿತ್ತು. ಆಗ ಗಂಟಲು ಗೊಗ್ಗರಾಯಿತು.

ಅದರ ಮರುದಿನ ಬೆಳಗ್ಗೆಯೇ ಜುಂಜಮ್ಮ ಬಂದಳು. ಕುರಿ ಹಿಂಡು ಹಟ್ಟಿಗೆ ಬಂದು ಎರಡು ದಿನವಾಗಿತ್ತು. ಕೂಸಾಗಿರುವ ಸುದ್ದಿ ದಾರಿಯಲ್ಲೇ ಕೇಳಿ, ಮೊದಲ ಉಣ್ಣೆಯಲ್ಲಿ ಮೊಳದುದ್ದದ ಕಂಬಳಿ ನೇಯಿಸಿ ತಂದಿದ್ದಳು. ಹಿತ್ತಲ ಬಾಗಿಲಿಂದ ಒಳಗೆ ಬಂದವಳು ಮಗುವಿನ ಬಾಯಿ ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು.

"ಅವನೂ ಹಿಂಗೇ ಅತ್ತಿದ್ದ," ಎಂದಳು ಸರ್ವಮಂಗಳಾ. "ಹಿಂಗೇ, ಸದ್ದಿಲ್ದೆ."

"ಎಷ್ಟೊತ್ತಿಂದ?"

"ರಾತ್ರಿಯಿಂದ."

ಶಿವರುದ್ರಮ್ಮ ಮಂತ್ರಿಸಿದ ತಾಯತ ಕಟ್ಟುವ ಮರುಳಸಿದ್ದಯ್ಯನವರನ್ನು ಕರೆಯಲು ಆಳು ಕಳಿಸಿದ್ದರು. ಅವರು ಬರುವುದು ಸಂಜೆಗೆ. ಜುಂಜಮ್ಮ ಆ ಮನೆಯಲ್ಲಿ ಎಂದೂ ದನಿ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ.

"ಅಯ್ನೋರು ಬರ್ಲಿ ಕಣಮ್ಮ, ಕಟ್ಲಿ. ಅವರು ಬರೋವಷ್ಟರಲ್ಲಿ ಮಧುಗಿರಿ ಆಸ್ಪತ್ರೇಲಿ ಒಂದ್ಕಿತ ತೋರಿಸ್ಕಂಡು ಬಂದ್ಬುಡಾನ. ಮೋಟ್ರು ಇನ್ನೂ ಹೊಂಟಿಲ್ಲ, ಚೌಕದಾಗೆ ನಿಂತೈತೆ, ನಾನೇ ನೋಡ್ಕಂಡು ಬಂದೆ."

ಶಿವರುದ್ರಮ್ಮ ಒಳಗೆ ಹೋಗಿ ತಮ್ಮ ದೊಡ್ಡ ಶಾಲು ತಂದು ಸೊಸೆಯ ಹೆಗಲಿಗೆ ಹೊದಿಸಿದರು. ನಾಗಲಿಂಗಯ್ಯ ಎಂಜಿನ್ನು ನಿಲ್ಲಿಸಿ, ಗ್ರೀಸಿನ ಕೈಯಲ್ಲೇ ಓಡಿ ಬಂದ.

ಆಸ್ಪತ್ರೆಯ ಡಾಕ್ಟರು ವೀರಭದ್ರಯ್ಯ ಐವತ್ತರ ಹತ್ತಿರದವರು, ಮಾತು ಕಡಿಮೆ. ಮಗುವಿನ ಎದೆಗೆ ಬಹಳ ಹೊತ್ತು ಕಿವಿಗೊಳವೆ ಇಟ್ಟು ಕೇಳಿದರು. ಆಮೇಲೆ, ಯಾರೂ ಎಣಿಸದ ಹಾಗೆ, ತಾಯಿಯ ಕಡೆ ತಿರುಗಿ ಅವಳ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಕಡೆ ಗುಳಿ ಬಿತ್ತು, ಮತ್ತೆ ತುಂಬಿಕೊಳ್ಳಲಿಲ್ಲ.

"ಏನಮ್ಮ ಊಟ ಮಾಡ್ತೀಯ?"

"ಅನ್ನ, ತುಪ್ಪ, ಮೆಣಸಿನ ಸಾರು."

"ಮತ್ತೆ?"

"ಅಷ್ಟೇ."

"ಯಾವ ಅಕ್ಕಿ?"

ಉತ್ತರ ಕೊಟ್ಟವನು ನಾಗಲಿಂಗಯ್ಯ. "ನಮ್ಮದೇ ಗಿರಣಿ ಸ್ವಾಮಿ. ಮನೆಗೆ ಎರಡು ಸುತ್ತಿನದೇ. ಒಂದು ಚೂರು ಕೆಂಪಿರಲ್ಲ."

ಡಾಕ್ಟರು ಬೈಯಲಿಲ್ಲ. ಸ್ಟೂಲು ಎಳೆದು ಕೂತರು.

"ನಾನು ಯುದ್ಧಕ್ಕೆ ಹೋಗಿದ್ದೆ, ಬಸ್ರಾಕ್ಕೆ. ಅಲ್ಲಿ ಗೋರಾ ಸಿಪಾಯಿಗಳಿಗೆ ಬಿಳಿ ಬ್ರೆಡ್ಡು, ಡಬ್ಬಿ ಮಾಂಸ. ನಮ್ಮವರಿಗೆ ತೌಡು ತೆಗೆಯದ ಗೋಧಿ ಹಿಟ್ಟು, ಬೇಳೆ. ಕಾಲು ಊದಿ, ನಡೆಯೋಕಾಗದೆ, ಎದೆ ನಿಂತು ಸತ್ತೋರು ಗೋರಾಗಳೇ ಜಾಸ್ತಿ. ಹೊಟ್ಟೆ ತುಂಬ ತಿಂದೇ ಸತ್ತರು. ಧಾನ್ಯದ ಮೇಲಿನ ಪೊರೆಯಲ್ಲಿ ಏನೋ ಒಂದು ಇರುತ್ತೆ, ಅದಿಲ್ಲದೆ ಜೀವ ನಿಲ್ಲಲ್ಲ. ಯಂತ್ರ ಅದನ್ನ ಪೂರ್ತಿ ಉಜ್ಜಿ ತೆಗೆದುಬಿಡುತ್ತೆ. ರಂಗೂನು, ಮನಿಲಾ, ಗಿರಣಿ ಹೋದ ಕಡೆಗೆಲ್ಲ ಈ ಕಾಯಿಲೆ ಹಿಂದಿಂದೆ ಹೋಗಿದೆ. ತಾಯಿ ಊಟದಲ್ಲಿ ಇಲ್ಲದ್ದು ಹಾಲಲ್ಲೂ ಇರಲ್ಲ. ಮಗುವಿಗೆ ಬೇರೆ ಊಟ ಎಲ್ಲಿದೆ?"

ನಾಗಲಿಂಗಯ್ಯ ತನ್ನ ಕೈಗಳನ್ನು ನೋಡಿಕೊಂಡ. "ಔಷಧ ಇದೆಯಾ ಸ್ವಾಮಿ?"

"ತೌಡೇ ಔಷಧ. ಅದರ ಸಾರ ತೆಗೆದು ಹನಿ ಹನಿಯಾಗಿ ಹಾಕಬೇಕು. ಪುಸ್ತಕದಲ್ಲಿ ಓದಿದೀನಿ, ಕೈಯಾರೆ ಮಾಡಿಲ್ಲ. ಹೊಸ ತೌಡು ಬೇಕು, ಹೊಟ್ಟು ಸೇರಿರಬಾರದು. ನಿಮ್ಮ ಯಂತ್ರದ್ದು ಬೇಡ, ಅದರಲ್ಲಿ ಎಲ್ಲ ಕಲೆತಿರುತ್ತೆ."

ಅಷ್ಟು ಹೊತ್ತು ಬಾಗಿಲ ಹೊರಗೆ ಕೂತಿದ್ದ ಜುಂಜಮ್ಮ ಎದ್ದು ನಿಂತಳು. "ಒರಳು ಎಲ್ಲೈತೆ ಬುದ್ಧಿ?"

ಒರಳು ಕಾಂಪೌಂಡರ ಮನೆಯ ಹಿತ್ತಲಲ್ಲಿತ್ತು. ಅವರ ಹೆಂಡತಿ ಇಂದ್ರಮ್ಮ ತಮ್ಮ ಕಣಜದಿಂದಲೇ ಎರಡು ಮೊರ ಭತ್ತ ತೆಗೆದುಕೊಟ್ಟರು, ಯಾರು ಏನು ಎಂದು ಕೇಳಲಿಲ್ಲ. ಜುಂಜಮ್ಮ ಸೆರಗು ಕಟ್ಟಿ ಶುರುಮಾಡಿದಳು. ವಯಸ್ಸಾಗಿತ್ತು, ನಾಲ್ಕು ವರ್ಷ ಒನಕೆ ಹಿಡಿದಿರಲಿಲ್ಲ, ಬೇಗನೆ ಏದುಸಿರು ಬಂತು. ನಾಗಲಿಂಗಯ್ಯ ಕೋಟು ಬಿಚ್ಚಿಟ್ಟು ಇನ್ನೊಂದು ಒನಕೆ ತೆಗೆದುಕೊಂಡ. ಮೊದಲ ಏಟು ಒರಳಿನ ಅಂಚಿಗೆ ಬಿತ್ತು. ಎರಡನೆಯದು ಜುಂಜಮ್ಮನ ಒನಕೆಗೆ ಬಡಿಯಿತು.

"ನನ್ ಕೈ ನೋಡ್ಬ್ಯಾಡ ಸ್ವಾಮಿ, ಉಸ್ರು ಕೇಳು," ಎಂದಳು ಜುಂಜಮ್ಮ. "ನಾನು ಉಸ್ರು ಬುಟ್ಟಾಗ ನೀನು ಇಳ್ಸು."

ಅವನು ಹಾಗೇ ಮಾಡಿದ. ಸ್ವಲ್ಪ ಹೊತ್ತಿಗೆ ಏಟು ಕೂಡಿಬಂತು. ಹೊಟ್ಟು ಕೇರಿ ತೆಗೆದು ಮತ್ತೆ ಕುಟ್ಟಿದರು. ಇಂದ್ರಮ್ಮ ತೆಳು ಬಟ್ಟೆಯಲ್ಲಿ ಸೋಸಿ, ಅರ್ಧ ಸೇರಿನಷ್ಟು ನುಣುಪಾದ ತೌಡನ್ನು ತಟ್ಟೆಯಲ್ಲಿಟ್ಟು ಆಸ್ಪತ್ರೆಗೆ ಒಯ್ದರು. ನಾಗಲಿಂಗಯ್ಯನ ಅಂಗೈ ಸುಲಿದು ಹೋಗಿತ್ತು. ಅವನು ಒನಕೆ ಕೆಳಗಿಡದೆ ನಿಂತೇ ಇದ್ದ.

"ಜುಂಜಮ್ಮ," ಎಂದ, "ನಿಮಗೆಲ್ಲ ಒಳ್ಳೇದಾಗುತ್ತೆ ಅಂದ್ಕೊಂಡೇ ನಾನು ಅದನ್ನ ತಂದಿದ್ದು."

"ಗೊತ್ತು ಬುಡಪ್ಪ. ನಿನ್ನ ಸಣ್ಣೋನಿದ್ದಾಗ್ಲಿಂದ ನೋಡಿಲ್ವಾ ನಾನು? ಕುಟ್ಟು. ಇನ್ನಷ್ಟು ಬೇಕಾಗ್ತದೆ."

ಡಾಕ್ಟರು ತೌಡನ್ನು ಸ್ಪಿರಿಟ್ಟು ಬೆರೆಸಿದ ನೀರಿನಲ್ಲಿ ನೆನೆಸಿ, ಹಿಂಡಿ, ಸಣ್ಣ ಉರಿಯಲ್ಲಿ ಸ್ಪಿರಿಟ್ಟೆಲ್ಲ ಹೋಗಿ ಜೇನಿನಷ್ಟು ಗಟ್ಟಿಯಾಗುವವರೆಗೆ ಕಾಯಿಸಿದರು. ಮೂರು ಗಂಟೆಯ ಹೊತ್ತಿಗೆ ಮೊದಲ ಚಮಚ ಹಾಕಿದರು. ಮಗು ಮುಖ ಕಿವುಚಿ ಅರ್ಧ ಉಗುಳಿತು. ಮತ್ತೆ ಹಾಕಿದರು. ಎರಡು ಗಂಟೆಗೊಮ್ಮೆ ಎಂದರು. ತಾಯಿಗೂ ಒಂದು ಲೋಟ, ಜೊತೆಗೆ ಬೇಯಿಸಿದ ಹುರುಳಿ. ಬಾಣಂತನದಲ್ಲಿ ಮುಟ್ಟಬಾರದು ಎಂದಿದ್ದ ಹುರುಳಿಯನ್ನು ಸರ್ವಮಂಗಳಾ ಒಂದು ಕಾಳು ಬಿಡದೆ ತಿಂದಳು. ಆ ರಾತ್ರಿ ಕೊರಟಗೆರೆಗೆ ಯಾರೂ ವಾಪಸು ಹೋಗಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಜುಂಜಮ್ಮ ಮಗುವನ್ನು ಆ ಮೊಳದುದ್ದದ ಕಂಬಳಿಯಲ್ಲಿ ಸುತ್ತಿಕೊಂಡು ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದಳು. ಎದುರಿಗೆ ಬೆಟ್ಟದ ಬಂಡೆ ಬೆಳ್ಳಗೆ ಹೊಳೆಯುತ್ತಿತ್ತು. ಮಗುವಿನ ಬಾಯಿ ತೆರೆಯಿತು. ಮೊದಲು ಗಾಳಿ ಬಂತು. ಆಮೇಲೆ ಒಡಕು ಸದ್ದು, ಹಳೆಯ ಬಾಗಿಲು ತೆರೆದ ಹಾಗೆ. ಆಮೇಲೆ ಅಳು.

ಒಳಗೆ ಮಲಗಿದ್ದ ಸರ್ವಮಂಗಳಾ ಎದ್ದು, ಗೋಡೆ ಹಿಡಿದುಕೊಂಡು, ಮರಗಟ್ಟಿದ ಕಾಲುಗಳ ಮೇಲೆ ಜಗಲಿಯವರೆಗೆ ಬಂದಳು. ಮಗುವನ್ನು ಕೊಡು ಎಂದು ಕೇಳಲಿಲ್ಲ. ಜುಂಜಮ್ಮನ ಪಕ್ಕ ಕೂತು ಅವಳ ಹೆಗಲಿಗೆ ತಲೆಯಿಟ್ಟಳು. ಡಾಕ್ಟರು ಬಂದು ನಿಂತರು. ಅಷ್ಟು ಜೋರಾಗಿ ಅಳುವ ಮಗುವನ್ನು ಸಮಾಧಾನ ಮಾಡಲು ಅಲ್ಲಿ ಯಾರೂ ಅವಸರ ಪಡಲಿಲ್ಲ.

ನಾಲ್ಕನೆಯ ದಿನ ಹೊರಡುವ ಮುಂಚೆ ಸರ್ವಮಂಗಳಾ ಡಾಕ್ಟರನ್ನು ಕೇಳಿದಳು. "ಮೊದಲನೆಯವನಿಗೂ ಇದೇ ಆಗಿತ್ತಾ?"

"ನೀನು ಹೇಳೋದು ನೋಡಿದ್ರೆ, ಹೌದಮ್ಮ."

"ಬಂದಿದ್ರೆ ಉಳೀತಿದ್ನಾ?"

ಅವರು ಕನ್ನಡಕ ತೆಗೆದು ಒರೆಸಿದರು. "ಉಳೀತಿದ್ದ ಅನ್ಸುತ್ತೆ."

ಕೊರಟಗೆರೆ ಹತ್ತಿರ ಬಂದಾಗ ಅವಳು, ಮೋಟಾರಿನ ಸದ್ದಿನಲ್ಲಿ, ಪಕ್ಕದಲ್ಲಿದ್ದ ಜುಂಜಮ್ಮನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ಹೊತ್ತುಹೊತ್ತಿಗೆ ಎತ್ತಿ ಎತ್ತಿ ಕುಡಿಸ್ತಿದ್ದೆ. ಎದೆಗೆ ತಗೊಂಡ್ರೆ ಸಾಕು, ಅವನು ನಗ್ತಿದ್ದ."

"ಅವನಿಗೆ ಅದ್ರಾಗೆ ಏನೈತೆ ಏನಿಲ್ಲ ಅಂತ ಗೊತ್ತಿತ್ತಾ?" ಜುಂಜಮ್ಮ ಅವಳ ಕೈ ಹಿಡಿದುಕೊಂಡಳು. "ಅವ್ವ ಎತ್ಕಂಡ್ಲು, ಕುಡುದ. ಅಷ್ಟೇ ಅವನು ಕಂಡಿದ್ದು. ನಗ್ತಾನೇ ಕುಡುದ್ನಲ್ಲ, ಅದನ್ನ ಇಟ್ಕಳವ್ವ."

ಸರ್ವಮಂಗಳಾ ಆಗ ಅತ್ತಳು, ಶಿವರುದ್ರಮ್ಮನ ಶಾಲಿನಲ್ಲಿ ಮುಖ ಮುಚ್ಚಿಕೊಂಡು, ಊರು ಬರುವವರೆಗೂ.

ಗಿರಣಿ ನಿಲ್ಲಲಿಲ್ಲ. ನಿಲ್ಲಿಸೋಣ ಎಂದು ನಾಗಲಿಂಗಯ್ಯ ಒಂದು ಸಲ ಅಂದಾಗ ರುದ್ರಯ್ಯನವರು, "ಇಲ್ಲಿ ನಿಲ್ಲಿಸಿದ್ರೆ ಗಾಡಿ ಕಟ್ಕೊಂಡು ಮಧುಗಿರಿ ಗಿರಣಿಗೆ ಹೋಗ್ತಾರೆ, ಅಲ್ಲಿ ಎರಡಲ್ಲ, ಮೂರು ಸುತ್ತು ಹಾಕಿಸ್ಕೊಂಡು ಬರ್ತಾರೆ," ಎಂದರು. ಅದು ಸುಳ್ಳಾಗಿರಲಿಲ್ಲ. ಕೊನೆಗೆ ಒಂದು ನಿಯಮವಾಯಿತು. ಬಸುರಿ, ಬಾಣಂತಿ ಇರುವ ಮನೆಯ ಭತ್ತಕ್ಕೆ ಒಂದೇ ಸುತ್ತು. ಕೆಲವರು ಕಾರಣ ಕೇಳಿ ಒಪ್ಪಿದರು. ಕೆಲವರು ನಕ್ಕರು. ಕೆಲವರು ಮನೆಯಲ್ಲಿ ಬಾಣಂತಿಯೇ ಇಲ್ಲ ಎಂದು ಸುಳ್ಳು ಹೇಳಿ ಎರಡು ಸುತ್ತು ಹಾಕಿಸಿಕೊಂಡು ಹೋದರು.

ಜುಂಜಮ್ಮನನ್ನು ಮನೆಯ ಮಟ್ಟಿಗೆ ಕುಟ್ಟಲು ಮತ್ತೆ ಕರೆದವರು ಶಿವರುದ್ರಮ್ಮ. ಆಳಿನ ಕೈಲಿ ಹೇಳಿಕಳಿಸದೆ ತಾವೇ ಹಟ್ಟಿಗೆ ನಡೆದು ಹೋಗಿದ್ದರು. ಜುಂಜಮ್ಮ ಒಪ್ಪಿದಳು. ಗಿರಿಯಮ್ಮನಿಗೂ ಒಂದು ಕಾಗದ ಬರೀರಿ ಎಂದಳು. ನಾಗಲಿಂಗಯ್ಯ ಕೋಲಾರಕ್ಕೆ ಬರೆದ. ಎರಡು ತಿಂಗಳ ಮೇಲೆ ಗಿರಿಯಮ್ಮನ ಮಗ ಯಾರಿಂದಲೋ ಬರೆಸಿದ ಉತ್ತರ ಬಂತು. ಅವನಿಗೂ ತಮ್ಮನಿಗೂ ಗಣಿಯೊಳಗೆ ಕೆಲಸ, ತಾಯಿಗೆ ಕೆಮ್ಮು, ಇನ್ನು ಆ ಕಡೆ ಬರುವುದಿಲ್ಲ ಎಂದಿತ್ತು. ನಾಗಲಿಂಗಯ್ಯ ಆ ಕಾಗದವನ್ನು ಎರಡು ಸಲ ಓದಿ ಹೇಳಿದ. ಜುಂಜಮ್ಮ ಮತ್ತೊಂದು ಸಲ ಓದಿಸಿದಳು.

ಆ ವರ್ಷ ಮಾಘದಲ್ಲಿ ಗಿರಣಿಯ ದೊಡ್ಡ ಗಿರಾಕಿ ಮಹಾಲಿಂಗಯ್ಯನವರ ಮಗಳು ಹೆರಿಗೆಗೆ ಬಂದಿದ್ದಳು. ಅವರದು ಎರಡು ಸುತ್ತಿಗೆ ಹಟ ಮಾಡಿದ ಮನೆ. ಸರ್ವಮಂಗಳಾ ಒಂದು ಮಧ್ಯಾಹ್ನ ಜುಂಜಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಮಹಾಲಿಂಗಯ್ಯನವರ ಹೆಂಡತಿ ಬಸವಮ್ಮ ಚಾಪೆ ಹಾಸಿದರು, ಆದರೆ ಮುಖ ಬಿಗಿಯಾಗಿತ್ತು.

"ನಮ್ಮ ಅಕ್ಕಿ ವಿಚಾರಕ್ಕೆ ಬಂದಿದ್ರೆ ನಿಮ್ಮ ಯಜಮಾನರ ಹತ್ರ ಆಗ್ಲೇ ಮಾತಾಡಿ ಆಗಿದೆ."

"ಅಕ್ಕಿ ವಿಚಾರ ಅಲ್ಲ," ಎಂದಳು ಸರ್ವಮಂಗಳಾ. "ನನ್ನ ಮಗನ ವಿಚಾರ ಹೇಳೋಣ ಅಂತ ಬಂದೆ."

ಹೊರಗಿನವರ ಮುಂದೆ ಅವಳು ಅದನ್ನು ಹೇಳಿದ್ದು ಅದೇ ಮೊದಲು. ಕೆನ್ನೆ ತುಂಬಿದ್ದು, ಪಾದ ಊದಿದ್ದು, ದನಿ ಹೋದದ್ದು, ಡಾಕ್ಟರು ಹೇಳಿದ ಕೊನೆಯ ಮಾತು, ಏನನ್ನೂ ಬಿಡಲಿಲ್ಲ. ಬಸುರಿ ಹುಡುಗಿ ಒಳಗಿನ ಕೋಣೆಯಿಂದ ಬಂದು ಬಾಗಿಲ ಹತ್ತಿರ ಕೂತಳು. ಬಸವಮ್ಮ ತಲೆ ತಗ್ಗಿಸಿ ಕೇಳುತ್ತಿದ್ದರು.

"ಏನು ಹೆಸರಿಟ್ಟಿದ್ರಿ ಮಗುವಿಗೆ?" ಎಂದು ಆ ಹುಡುಗಿ ಕೇಳಿದಳು.

ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

"ಕಾಡಸಿದ್ದಪ್ಪ ಅಂತ," ಎಂದಳು ಸರ್ವಮಂಗಳಾ. "ನಮ್ಮ ಮಾವನೋರ ತಂದೆ ಹೆಸರು. ಅಷ್ಟು ದೊಡ್ಡ ಹೆಸರು ಕರೆಯೋಕಾಗದೆ ನಾನು ಸಿದ್ದೂ ಅಂತಿದ್ದೆ."

ಬಸವಮ್ಮ ಎದ್ದು ಕುಡಿಯಲು ಹಾಲು ತಂದರು. ಕೊಡುವಾಗ ಜುಂಜಮ್ಮನ ಕಡೆ ತಿರುಗಿ, ನಾಳೆ ಬಂದು ಒಂದಿಷ್ಟು ಭತ್ತ ಕುಟ್ಟಿಕೊಡಲು ಆಗುತ್ತದೆಯೇ ಎಂದು ಕೇಳಿದರು.